ಒಲೆಯ ಮುಂದಿನ ಕಿರೀಟ

ಗುರುಸಿದ್ದಪ್ಪ ಮಾಲಕರ ರೊಟ್ಟಿ ಕೇಂದ್ರದಲ್ಲಿ ಐದು ಒಲೆಗಳಿದ್ದವು, ಹತ್ತು ಜನ ಹೆಣ್ಣುಮಕ್ಕಳಿದ್ದರು. ಒಂದು ಒಲೆಗೆ ಇಬ್ಬರು. ಒಬ್ಬಳು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಬ್ಬಳು ಎದುರಿಗೆ ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು.

ಬಡಿಯುವವಳಿಗೆ ತೋಳು ನೋಯುತ್ತದೆ. ಬೇಯಿಸುವವಳಿಗೆ ಇಡೀ ಮೈ ಬೇಯುತ್ತದೆ. ಆದ್ದರಿಂದ ಇಬ್ಬರೂ ಆಗಾಗ ಜಾಗ ಬದಲಿಸುತ್ತಿದ್ದರು. ಅದಕ್ಕೆ ಗಡಿಯಾರ ಇರಲಿಲ್ಲ. ಬಡಿಯುವವಳು ಎದುರಿನವಳ ಮುಖ ನೋಡುತ್ತಿದ್ದಳು. ಮುಖ ಕೆಂಪೇರಿ, ಆಡುತ್ತಿದ್ದ ಮಾತು ನಡುನಡುವೆ ತುಂಡಾಗತೊಡಗಿದರೆ, ‘ಏಳವ್ವ, ನಾ ಕೂಡ್ತೀನಿ’ ಎಂದು ತಾನೇ ಎದ್ದು ಹೋಗುತ್ತಿದ್ದಳು. ಬೆಂಕಿಯ ಮುಂದೆ ಕೂತವಳು ‘ನನಗೆ ಸಾಕಾಯಿತು’ ಎಂದು ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗೆ ಹೇಳಿದರೆ ಜೋಡಿಯವಳಿಗೆ ಅವಮಾನ. ನೀನು ನನ್ನ ಮುಖ ನೋಡಲೇ ಇಲ್ಲ ಎಂದು ಬೈದ ಹಾಗೆ. ಹತ್ತೊಂಬತ್ತು ವರ್ಷ ಆ ಕೇಂದ್ರ ಹೀಗೆಯೇ ನಡೆದಿತ್ತು. ಯಾರೂ ಯಾರನ್ನೂ ಬೈದಿರಲಿಲ್ಲ.

ಮಾಲಕರು ಒಮ್ಮೆ ದೊಡ್ಡ ಊರಿನಲ್ಲಿ ಉದ್ದಿಮೆದಾರರ ಸಭೆಗೆ ಹೋದರು. ತಮ್ಮ ಕೆಲಸದವರಲ್ಲಿ ಉತ್ಸಾಹದ ಕೊರತೆ ಇದೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು. ಅಲ್ಲಿಯವರೆಗೆ ಅವರಿಗೆ ಇದು ಗೊತ್ತಿರಲಿಲ್ಲ, ರೊಟ್ಟಿ ತಿನ್ನುವವರಿಗೂ ಗೊತ್ತಿರಲಿಲ್ಲ. ಕೊರತೆ ಇದೆ ಎಂದು ಹೇಳಿದ ಕಂಪನಿಯ ಬಳಿಯೇ ಅದಕ್ಕೆ ಪರಿಹಾರವೂ ಇತ್ತು. ಇದೊಂದು ಅದೃಷ್ಟವೆಂದೇ ಹೇಳಬೇಕು.

ಹದಿನೈದು ದಿನಗಳಲ್ಲಿ ಆ ಕಂಪನಿಯಿಂದ ನಿಶ್ಚಲ್ ಎಂಬ ತರುಣ ಬಂದ. ಅವನ ಹುದ್ದೆಯ ಹೆಸರು ಆನಂದ ಅಧಿಕಾರಿ. ಅವನು ಹತ್ತು ಕನ್ನಡಕಗಳನ್ನು ತಂದಿದ್ದ. ಇವುಗಳನ್ನು ಹಾಕಿಕೊಂಡರೆ ಇರುವ ವಸ್ತುಗಳ ಜೊತೆಗೆ ಇಲ್ಲದ ವಸ್ತುಗಳೂ ಕಾಣುತ್ತವೆ, ಲೋಕ ಇದ್ದದ್ದಕ್ಕಿಂತ ಹೆಚ್ಚಾಗುತ್ತದೆ ಎಂದು ಅವನು ವಿವರಿಸಿದ. ಇನ್ನು ಮುಂದೆ ಇಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಎಲ್ಲರೂ ಆಟ ಆಡುತ್ತಾರೆ ಎಂದ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸದ ಹೊತ್ತಿನಲ್ಲಿ ಹಾಗೆ ನೋಡಿಕೊಂಡದ್ದು ಅದೇ ಕೊನೆ.

ಕನ್ನಡಕ ನಿಜಕ್ಕೂ ಚೆಂದವಿತ್ತು. ಹಾಕಿಕೊಂಡ ಕೂಡಲೇ ಬಡಿಯುವ ಹಲಗೆಯ ಮೇಲೆ ಬೆಳಕಿನ ಬಳೆಯೊಂದು ಮೂಡುತ್ತಿತ್ತು. ರೊಟ್ಟಿ ಆ ಬಳೆಯನ್ನು ಸರಿಯಾಗಿ ತುಂಬಿದರೆ ಬಳೆ ಒಡೆದು ಚೆಂಡುಹೂವು ಸುರಿಯುತ್ತಿದ್ದವು, ಎರಡು ಅಂಕ ಬರುತ್ತಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಹೇಳಿದ ಕ್ಷಣಕ್ಕೆ ತಿರುವಿದರೆ ಗಂಟೆ ಬಾರಿಸಿ ಮೂರು ಅಂಕ. ಒಂದೇ ಜಾಗದಲ್ಲಿ ಕದಲದೆ ಕೂತರೆ ಸರಪಳಿ ಬೆಳೆಯುತ್ತಿತ್ತು, ಸರಪಳಿ ಬೆಳೆದಷ್ಟೂ ಅಂಕ ಹೆಚ್ಚಾಗುತ್ತಿತ್ತು. ನಡುವೆ ಎದ್ದರೆ ಸರಪಳಿ ತುಂಡಾಗಿ, ಹೆಚ್ಚಾಗಿ ಬಂದ ಅಂಕವೂ ಹೋಗುತ್ತಿತ್ತು. ಬಾಯಾರಿದಾಗ ನೆನಪಿಸಲು ಕಣ್ಣಿನ ಮೂಲೆಯಲ್ಲಿ ನೀಲಿ ಹನಿಯೊಂದು ಮಿನುಗುತ್ತಿತ್ತು. ಎದ್ದು ಹೋಗಿ ಕುಡಿದರೆ ಸರಪಳಿ ತುಂಡು. ನೀರು ಕುಡಿಯಬೇಡಿ ಎಂದು ಆಟ ಎಲ್ಲಿಯೂ ಹೇಳಲಿಲ್ಲ. ಅಷ್ಟು ನ್ಯಾಯ ಅದರಲ್ಲಿತ್ತು.

ಪ್ರತಿಯೊಬ್ಬಳ ಹಣೆಯ ಮೇಲೆ ಉಳಿದವರಿಗೆ ಕಾಣುವಂತೆ ಅವಳ ಅಂಕ ಹೊಳೆಯುತ್ತಿತ್ತು. ಮೊದಲ ಸ್ಥಾನದಲ್ಲಿದ್ದವಳಿಗೆ ಬಂಗಾರದ ಕಿರೀಟ. ಅದು ತಲೆಯಿಂದ ಗಲ್ಲದ ತನಕ ಇಳಿಯುವಷ್ಟು ದೊಡ್ಡದಾಗಿತ್ತು. ಚಿಕ್ಕ ಕಿರೀಟ ಎದುರಾಳಿಗಳಲ್ಲಿ ಸಾಕಷ್ಟು ಉತ್ಸಾಹ ಹುಟ್ಟಿಸುವುದಿಲ್ಲ ಎಂದು ಸಂಶೋಧನೆಯಲ್ಲಿ ಕಂಡುಬಂದಿದೆ ಎಂದು ನಿಶ್ಚಲ್ ಹೇಳಿದ. ಎದುರಾಳಿಗಳು ಎಂದರೆ ಯಾರು ಎಂದು ಹತ್ತು ಜನರಲ್ಲಿ ಒಬ್ಬಳಾದ ಮಾಬೂಬಿ ಕೇಳಿದಳು. ನೀವೇ, ಒಬ್ಬರಿಗೊಬ್ಬರು ಎಂದು ಅವನು ಸಂತೋಷದಿಂದ ತಿಳಿಸಿದ.

ಮೊದಲ ನಾಲ್ಕು ದಿನ ಎಲ್ಲರೂ ನಕ್ಕರು. ಇದನ್ನು ಮರೆಮಾಚಬಾರದು. ಮಾಬೂಬಿ ತನ್ನ ರೊಟ್ಟಿಯ ಮೇಲೆ ಬಿದ್ದ ಹೂವನ್ನು ಮುಡಿಗೆ ಏರಿಸಲು ಹೋಗಿ ಮುಡಿಗೆಲ್ಲ ಹಿಟ್ಟು ಮಾಡಿಕೊಂಡಳು. ಆಮೇಲೆ ನಗು ಕಡಿಮೆಯಾಯಿತು, ರೊಟ್ಟಿ ಹೆಚ್ಚಾಯಿತು. ಮೊದಲೆಲ್ಲ ಹೆಚ್ಚಿನ ರೊಟ್ಟಿ ಬೇಕಾದರೆ ಮಾಲಕರು ಸಂಜೆ ಒಂದು ತಾಸು ನಿಲ್ಲಿಸಿಕೊಂಡು ಅದಕ್ಕೆ ಬೇರೆ ಕೂಲಿ ಕೊಡುತ್ತಿದ್ದರು. ಈಗ ಆ ತಾಸಿಗೆ ‘ಮುಂದಿನ ಹಂತ’ ಎಂಬ ಹೆಸರು ಬಂತು. ಮುಂದಿನ ಹಂತ ತಲುಪಿದ್ದಕ್ಕೆ ಯಾರಾದರೂ ಕೂಲಿ ಕೇಳುತ್ತಾರೆಯೇ? ಕೇಳಿದವಳಿಗೆ ಆಟದ ಮನೋಭಾವ ಇಲ್ಲ ಎಂದು ಬರೆದುಕೊಳ್ಳಲಾಯಿತು.

ಆಟಕ್ಕೆ ಇನ್ನೂ ಒಂದು ನಿಯಮವಿತ್ತು. ಶನಿವಾರ ಸಂಜೆಗೆ ವಾರ ಮುಗಿಯುತ್ತಿತ್ತು. ಸತತ ಮೂರು ವಾರ ಕೊನೆಯ ಸ್ಥಾನದಲ್ಲಿ ಉಳಿದವಳು ಔಟ್. ಔಟ್ ಎಂದರೆ ಸೋಮವಾರ ಬರಬೇಕಾಗಿಲ್ಲ. ಮಾಲಕರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ನಿಯಮವೇ. ಮೊದಲು ಯಾರನ್ನಾದರೂ ಬಿಡಿಸಬೇಕಾದರೆ ಕಾರಣ ಹೇಳಬೇಕಿತ್ತು, ಅವಳ ಕಡೆಯವರು ಬಂದು ಕಟ್ಟೆಯ ಮೇಲೆ ಕೂತರೆ ಚಹಾ ಕೊಟ್ಟು ಉತ್ತರಿಸಬೇಕಿತ್ತು. ಈಗ ಬಿಡಿಸುವುದು ಆಟ. ಆಟದ ಮನೆಗೆ ಹೋಗಿ ಯಾರೂ ಜಗಳ ತೆಗೆಯಲಾರರು.

ಆ ಹತ್ತು ಜನರಲ್ಲಿ ಹಿರಿಯಳು ಫಕೀರವ್ವ. ಕೇಂದ್ರ ಶುರುವಾದ ದಿನದಿಂದ ಅಲ್ಲಿದ್ದವಳು. ಈಗ ಐವತ್ತಾರು ವರ್ಷ. ಗಂಡ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಅವಳು ಉಳಿದವರಿಗಿಂತ ಹೆಚ್ಚು ಹೊತ್ತು ಹಿಟ್ಟು ನಾದುತ್ತಿದ್ದಳು. ಅವಳ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿರಲಿಲ್ಲ, ಮರುದಿನವೂ ಮಡಚಿದರೆ ಮುರಿಯುತ್ತಿರಲಿಲ್ಲ. ಗಿರಾಕಿಗಳು ಕೇಳಿ ಒಯ್ಯುತ್ತಿದ್ದುದು ಆ ರೊಟ್ಟಿಯನ್ನೇ. ಆದರೆ ಕನ್ನಡಕಕ್ಕೆ ನಾದುವುದು ಕಾಣುತ್ತಿರಲಿಲ್ಲ. ಅದಕ್ಕೆ ಕಾಣುತ್ತಿದ್ದುದು ಬಳೆ ತುಂಬಿತೋ ಇಲ್ಲವೋ, ಎಷ್ಟು ಬೇಗ ತುಂಬಿತು ಎಂಬುದು ಮಾತ್ರ. ಫಕೀರವ್ವ ಮೊದಲ ವಾರ ಹತ್ತನೆಯವಳಾದಳು. ಎರಡನೆಯ ವಾರವೂ ಹತ್ತನೆಯವಳಾದಳು.

ಅವಳ ಜೋಡಿ ಕಾಶವ್ವ. ಮೂವತ್ತೆಂಟರ ಗಟ್ಟಿ ಹೆಂಗಸು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಒಲೆಯ ಆಚೆ ಈಚೆ ಕೂತವರು. ಮೂರನೆಯ ವಾರದ ಸೋಮವಾರ ಕಾಶವ್ವ ಒಂದು ಉಪಾಯ ಹೇಳಿದಳು. ಬಡಿಯುವುದಕ್ಕಿಂತ ಬೇಯಿಸುವುದಕ್ಕೆ ಅಂಕ ಹೆಚ್ಚು. ಏಳದೆ ಕೂತರೆ ಸರಪಳಿಯೂ ಬೆಳೆಯುತ್ತದೆ. ತಾನು ರಪರಪ ಬಡಿದು ಕೊಡುತ್ತೇನೆ.

“ಈ ವಾರ ಹಂಚು ನಿಂದ, ಯಕ್ಕಾ. ನಾ ಏಳು ಅನ್ನಾಂಗಿಲ್ಲ, ನೀನೂ ಏಳಬ್ಯಾಡ,” ಎಂದಳು.

ಫಕೀರವ್ವ ಒಪ್ಪಿದಳು. ಒಪ್ಪದೆ ಇರಲು ಅವಳಿಗೆ ಜಾಗವಿರಲಿಲ್ಲ. ಉಳಿದ ಎಂಟು ಜನರಿಗೂ ವಿಷಯ ತಿಳಿಯಿತು. ಅವರೂ ತಮ್ಮ ಕೈ ಸ್ವಲ್ಪ ಸಡಿಲ ಬಿಟ್ಟರು. ನಿಶ್ಚಲ್ ಹೇಳಿದ್ದ ಎದುರಾಳಿಗಳು ಎಂಬ ಮಾತು ಅವರಿಗೆ ಇನ್ನೂ ಸರಿಯಾಗಿ ಅರ್ಥವಾಗಿರಲಿಲ್ಲ.

ಮಂಗಳವಾರ ಫಕೀರವ್ವ ಎಂಟನೆಯವಳಾದಳು. ಗುರುವಾರ ನಾಲ್ಕನೆಯವಳು. ದಿನವಿಡೀ ಬೆಂಕಿಯ ಮುಂದೆ ಕೂತು ಸಂಜೆ ಮನೆಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಕಾಶವ್ವ ಕೇಳಿದರೆ ಮೊಣಕಾಲು ಜೋಮು ಹಿಡಿದಿದೆ ಎನ್ನುತ್ತಿದ್ದಳು. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಮೂರನೆಯವಳು. ಊಟಕ್ಕೆ ಎದ್ದರೆ ಸರಪಳಿ ತುಂಡಾಗುತ್ತದೆ ಎಂದು ಅವಳು ಏಳಲಿಲ್ಲ. ಎರಡು ಗಂಟೆಗೆ ಅವಳ ತಲೆಯ ಮೇಲೆ ಬಂಗಾರದ ಕಿರೀಟ ಇಳಿಯಿತು.

ಎಲ್ಲರೂ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಮಾಬೂಬಿ ತನ್ನ ಒಲೆಯ ಮುಂದಿನಿಂದಲೇ, ಇನ್ನು ಮೇಲೆ ನಮ್ಮನ್ನು ಮಾತಾಡಿಸುತ್ತೀರೋ ಇಲ್ಲವೋ ರಾಣಿಯವರೇ ಎಂದು ಕಿಚಾಯಿಸಿದಳು. ಕಿರೀಟದ ಒಳಗಿನಿಂದ ಫಕೀರವ್ವ ಏನೋ ಅಂದಳು, ಯಾರಿಗೂ ಸರಿಯಾಗಿ ಕೇಳಲಿಲ್ಲ. ಎಲ್ಲರೂ ನಕ್ಕರು.

ಕಾಶವ್ವ ಎದುರಿಗೇ ಇದ್ದಳು. ಒಂದು ಮೊಳ ದೂರ. ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಲು ಬಗ್ಗಿದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಗಲ್ಲದವರೆಗೂ ಬಂಗಾರ. ಅದರಲ್ಲಿ ಹರಳುಗಳಿದ್ದವು, ಅವು ಮಿನುಗುತ್ತಿದ್ದವು. ಫಕೀರವ್ವ ಮಾತು ನಿಲ್ಲಿಸಿದ್ದು ಕಾಶವ್ವನಿಗೆ ತಿಳಿಯಿತು. ಗೆಲ್ಲುವ ಹೊತ್ತು, ಮನಸ್ಸಿಟ್ಟು ಆಡುತ್ತಿದ್ದಾಳೆ ಎಂದುಕೊಂಡಳು. ಹನ್ನೊಂದು ವರ್ಷ ಎದುರಿನ ಮುಖ ನೋಡಿ ಎದ್ದವಳು ಆ ದಿನವೂ ನೋಡಿದಳು. ನೋಡುತ್ತಲೇ ಇದ್ದಳು.

ಮೂರು ಗಂಟೆಯ ಸುಮಾರಿಗೆ ಕಿರೀಟ ಮೆಲ್ಲಗೆ ವಾಲಿತು. ಆಟ ಏನೋ ಹೊಸ ಚಮತ್ಕಾರ ತೋರಿಸುತ್ತಿದೆ ಎಂದು ಕಾಶವ್ವ ಭಾವಿಸಿದಳು. ಕಿರೀಟ ಇನ್ನೂ ವಾಲಿ ಒಲೆಯ ಅಂಚಿನ ಕೆಳಗೆ ಮರೆಯಾಯಿತು. ಆಮೇಲೆ ಹಂಚಿನಿಂದ ರೊಟ್ಟಿಯದಲ್ಲದ ವಾಸನೆ ಎದ್ದಿತು.

ಅದೇ ಕ್ಷಣ ಒಂಬತ್ತು ಕನ್ನಡಕಗಳಲ್ಲೂ ಗಂಟೆ ಬಾರಿಸಿತು. ‘ಫಕೀರವ್ವ ಅವರ ಸರಪಳಿ ತುಂಡಾಗಿದೆ. ಈಗ ಮೊದಲ ಸ್ಥಾನದಲ್ಲಿ ಕಾಶವ್ವ. ಅಭಿನಂದನೆಗಳು’ ಎಂಬ ಅಕ್ಷರಗಳು ಮೂಡಿದವು. ಇಡೀ ಕೋಣೆಯಲ್ಲಿ ಚೆಂಡುಹೂವು ಸುರಿದವು.

ಹೂವುಗಳ ನಡುವೆ ಓಡಿ ಬಂದವಳು ಮಾಬೂಬಿ. ಅವಳಿಗೆ ಕಾಶವ್ವನ ಮುಖ ಕಾಣಲಿಲ್ಲ, ಅಲ್ಲಿ ಆಗಲೇ ಕಿರೀಟ ಬಂದಿತ್ತು. ಅವಳು ಮೊದಲು ತನ್ನ ಕನ್ನಡಕ ಕಿತ್ತು ಒಗೆದಳು. ಆಮೇಲೆ ನೆಲದ ಮೇಲಿದ್ದ ಫಕೀರವ್ವನನ್ನು ನೋಡಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಒಡೆದಿತ್ತು. ಬಲಗೈ ಅಂಗೈಯಿಂದ ಮಣಿಕಟ್ಟಿನ ತನಕ ಸುಟ್ಟಿತ್ತು. ಇಂಥ ಮುಖ ಒಂದು ಗಳಿಗೆಯಲ್ಲಿ ಆಗುವುದಿಲ್ಲ. ಅದಕ್ಕೆ ಮುಂಚೆ ಬಹಳ ಹೊತ್ತು ಕೆಂಪಾಗಿರಬೇಕು, ಆಮೇಲೆ ಬಹಳ ಹೊತ್ತು ಬಿಳಿಚಿರಬೇಕು. ಕಣ್ಣಿದ್ದ ಒಂಬತ್ತು ಜನ ಅಲ್ಲೇ ಇದ್ದರು.

ಬಿಸಿಲು, ಬೆಂಕಿ ತಡೆಯಬಹುದು, ನೀರಿಲ್ಲದೆ ತಡೆಯಲಾಗದು ಎಂದರು ಆಸ್ಪತ್ರೆಯ ಡಾಕ್ಟರು. ಜೀವಕ್ಕೆ ಅಪಾಯವಿಲ್ಲ. ಕೈ ಗುಣವಾಗಲು ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತದೆ, ಬೆರಳು ಮೊದಲಿನ ಹಾಗೆ ಮಡಚುತ್ತವೋ ಇಲ್ಲವೋ ಈಗ ಹೇಳಲಾಗದು ಎಂದರು.

ಸೋಮವಾರ ಮುಂಜಾನೆ ಮಾಲಕರು ಒಂಬತ್ತು ಜನರನ್ನೂ ಕೂರಿಸಿದರು. ನಿಶ್ಚಲ್ ಬಂದಿದ್ದ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಅವನು ಭಾನುವಾರವಿಡೀ ಕೂತು ಕನ್ನಡಕದ ದಾಖಲೆಯನ್ನು ಪರಿಶೀಲಿಸಿದ್ದ. ಶನಿವಾರ ಒಂದೇ ದಿನ ನೀಲಿ ಹನಿ ಹನ್ನೊಂದು ಬಾರಿ ಮಿನುಗಿದೆ, ಆಟಗಾರ್ತಿ ಹನ್ನೊಂದು ಬಾರಿಯೂ ಅದನ್ನು ಕಡೆಗಣಿಸಿದ್ದಾರೆ ಎಂದು ತಿಳಿಸಿದ. ಆಟ ತನ್ನ ಕರ್ತವ್ಯವನ್ನು ಮಾಡಿತ್ತು. ತಪ್ಪು ಬಾಯಾರಿಕೆಯದು.

ಅವನು ಒಂದು ಕಾಗದ ತಂದಿದ್ದ. ಅದನ್ನು ಓದಿ ಹೇಳಿದ. ಇಲ್ಲಿ ನಡೆಯುತ್ತಿದ್ದುದು ಆಟ, ಎಲ್ಲರೂ ಇಷ್ಟಪಟ್ಟು ಸೇರಿದ್ದು, ಫಕೀರವ್ವ ಏಳಬಹುದಾಗಿದ್ದರೂ ತಮ್ಮ ಇಚ್ಛೆಯಿಂದಲೇ ಆಟ ಮುಂದುವರಿಸಿದರು ಎಂದು ಅದರಲ್ಲಿತ್ತು. ಕೆಳಗೆ ಒಂಬತ್ತು ಸಹಿಗಳಿಗೆ ಜಾಗ ಬಿಟ್ಟಿತ್ತು. ಮಾಲಕರು ಇನ್ನೊಂದು ಮಾತು ಸೇರಿಸಿದರು. ವಾರ ಮುಗಿಯುವ ಮುಂಚೆ ಆಟ ಬಿಟ್ಟವರ ಅಂಕ ಸೊನ್ನೆಯಾಗುತ್ತದಂತೆ, ಹೀಗಾಗಿ ಫಕೀರವ್ವ ಮೂರನೆಯ ವಾರವೂ ಕೊನೆಯ ಸ್ಥಾನದಲ್ಲೇ ಉಳಿದಿದ್ದಾಳೆ, ನಿಯಮ ತಾವು ಮಾಡಿದ್ದಲ್ಲ ಎಂದರು. ಇದನ್ನು ಹೇಳುವಾಗ ಅವರು ನೆಲ ನೋಡುತ್ತಿದ್ದರು. ಅಷ್ಟರ ಮಟ್ಟಿಗೆ ಅವರನ್ನು ಒಳ್ಳೆಯವರು ಎನ್ನಬೇಕು.

ಮೊದಲ ಸ್ಥಾನದಲ್ಲಿದ್ದವಳೆಂದು ಪೆನ್ನು ಮೊದಲು ಕಾಶವ್ವನ ಕೈಗೆ ಬಂತು. ಅವಳ ಕಣ್ಣು ಊದಿಕೊಂಡಿದ್ದವು. ಅವಳು ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನಿಶ್ಚಲ್‌ನ ಕಡೆ ತಿರುಗಿ, ಇದು ಆಟ ತಾನೇ ಎಂದು ಕೇಳಿದಳು. ಖಂಡಿತ ಎಂದ ಅವನು. ಹಾಗಾದರೆ ಅವನೇ ತಮಗೆಲ್ಲ ಒಮ್ಮೆ ಆಡಿ ತೋರಿಸಬೇಕು ಎಂದಳು. ಅವನಿಗೆ ಖುಷಿಯಾಯಿತು. ಅವನ ಕಂಪನಿಯಲ್ಲಿ ಇಂಥದ್ದಕ್ಕೆ ಪ್ರೋತ್ಸಾಹವಿತ್ತು.

ಕಾಶವ್ವ ಒಲೆ ಹೊತ್ತಿಸಿದಳು. ನಿಶ್ಚಲ್ ಪ್ಯಾಂಟು ಮಡಚಿಕೊಂಡು ಹಂಚಿನ ಮುಂದೆ ಕೂತ, ಕನ್ನಡಕ ಹಾಕಿಕೊಂಡ. ಕಾಶವ್ವ ಬಡಿಯತೊಡಗಿದಳು. ಮೊದಲ ರೊಟ್ಟಿಗೆ ಅವನು ನಕ್ಕ. ಎರಡನೆಯದಕ್ಕೆ ಗಂಟೆ ಬಾರಿಸಿತೆಂದು ಕೂಗಿ ಹೇಳಿದ. ನಾಲ್ಕನೆಯದಕ್ಕೆ ಬೆರಳು ಸುಟ್ಟುಕೊಂಡ. ಆಮೇಲೆ ಮಾತು ಕಡಿಮೆಯಾಯಿತು. ಮಾಲಕರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು, ಅಲ್ಲಿಗೂ ಝಳ ಬರುತ್ತಿತ್ತು. ಒಂಬತ್ತನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ನಿಶ್ಚಲ್ ಎದ್ದ, ಸಾಕು ಎಂದ, ಕನ್ನಡಕ ತೆಗೆದು ಬಾಗಿಲಿಗೆ ಹೋಗಿ ಗಾಳಿಗೆ ನಿಂತ. ಹನ್ನೆರಡು ನಿಮಿಷವಾಗಿತ್ತು. ಮಾಬೂಬಿ ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಪೂರ್ತಿ ಕುಡಿಯುವವರೆಗೆ ಕಾಶವ್ವ ಕಾದಳು.

“ನೀವು ಎದ್ರಲ್ರಿ,” ಎಂದಳು.

“ತುಂಬಾ ಬಿಸಿ ಇದೆಯಮ್ಮ ಅಲ್ಲಿ.”

“ಎದ್ದದ್ದಕ್ಕ ನಿಮ್ಮ ನೌಕರಿ ಹೋಕ್ಕೈತೇನ್ರಿ?”

“ನನ್ನದಾ? ಇಲ್ಲ. ಯಾಕೆ?”

“ಹಂಗಾರ ನೀವು ಆಡಿದ್ದು ಆಟ. ಸಾಕು ಅನ್ನಿಸ್ತು, ಎದ್ರಿ, ನೀರು ಕುಡಿದ್ರಿ. ಫಕೀರಕ್ಕಗ ಹಂಗ ಏಳಾಕ ಬರತಿರಲಿಲ್ರಿ. ಎದ್ರ ಅಕೀ ಮನಿ ಒಲಿ ಆರತಿತ್ತು. ಅಕೀ ಮಾಡಿದ್ದು ಕೆಲಸ.” ಕಾಶವ್ವ ಕಾಗದವನ್ನು ಮಾಲಕರ ಮುಂದೆ ಇಟ್ಟಳು. “ಇದರಾಗ ಆಟ ಅಂತ ಎಲ್ಲೆಲ್ಲಿ ಐತಿ, ಅಲ್ಲೆಲ್ಲ ಗೀಟು ಹೊಡದು ಕೆಲಸ ಅಂತ ಬರೀರಿ. ಇಷ್ಟಪಟ್ಟು, ಏಳಬಹುದಿತ್ತು, ಇಚ್ಛಾದಿಂದ ಅನ್ನೋದನ್ನೆಲ್ಲ ತಗೀರಿ. ನಾ ಸಹಿ ಮಾಡ್ತೀನಿ.”

ನಿಶ್ಚಲ್‌ಗೆ ಇದರಲ್ಲೇನು ದೊಡ್ಡ ವ್ಯತ್ಯಾಸ ಎಂದು ತಿಳಿಯಲಿಲ್ಲ. ಮಾಲಕರಿಗೆ ತಕ್ಷಣ ತಿಳಿಯಿತು. ಆಟದಲ್ಲಿ ಬಿದ್ದರೆ ಬಿದ್ದವರದೇ ತಪ್ಪು. ಕೆಲಸದಲ್ಲಿ ಬಿದ್ದರೆ ಕೆಲಸ ಮಾಡಿಸಿದವರು ಉತ್ತರ ಕೊಡಬೇಕು. ಒಂದು ಪದಕ್ಕಾಗಿ ಇಷ್ಟು ಹಟ ಏಕೆ ಎಂದು ಅವರು ಸಮಾಧಾನದ ದನಿಯಲ್ಲಿ ಕೇಳಿದರು. ಒಂದು ಪದವೇ ಆದರೆ ಬದಲಿಸಲು ನಿಮಗೇನು ಕಷ್ಟ ಎಂದು ಮಾಬೂಬಿ ಅಷ್ಟೇ ಸಮಾಧಾನದಿಂದ ಕೇಳಿದಳು. ಕಾಗದದ ನಮೂನೆ ಮುಖ್ಯ ಕಚೇರಿಯಿಂದ ಬಂದದ್ದು, ಅದನ್ನು ತಿದ್ದುವ ಅಧಿಕಾರ ತನಗಿಲ್ಲ ಎಂದು ನಿಶ್ಚಲ್ ಹೇಳಿದ.

ಒಂಬತ್ತು ಜನರೂ ಕೈ ಕಟ್ಟಿ ಕೂತರು. ಹಾಡಲಿಲ್ಲ, ಕೂಗಲಿಲ್ಲ, ಎದ್ದು ಹೋಗಲೂ ಇಲ್ಲ. ಮುಂಜಾನೆ ಬಂದ ಕೂಡಲೇ ಬಿಸಿನೀರು ಹಾಕಿ ಕಲಸಿಟ್ಟಿದ್ದ ಹಿಟ್ಟು ಆರುತ್ತಿತ್ತು. ಜೋಳದ ಹಿಟ್ಟು ಆರಿತೆಂದರೆ ಆಮೇಲೆ ಎಷ್ಟು ನಾದಿದರೂ ರೊಟ್ಟಿ ಏಳುವುದಿಲ್ಲ, ಬಿರಿಯುತ್ತದೆ. ಇದು ಆ ಕೋಣೆಯಲ್ಲಿ ನಿಶ್ಚಲ್ ಒಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮರುದಿನ ಮದುವೆಯ ಮನೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಹೋಗಬೇಕಿತ್ತು. ಮಾಲಕರು ಹಿಟ್ಟು ನೋಡಿದರು, ಹೆಣ್ಣುಮಕ್ಕಳನ್ನು ನೋಡಿದರು, ಮತ್ತೆ ಹಿಟ್ಟು ನೋಡಿದರು.

ಕೊನೆಗೆ ಅವರೇ ಪೆನ್ನು ತೆಗೆದುಕೊಂಡರು. ಆಟ ಎಂದಿದ್ದ ಆರು ಕಡೆ ಹೊಡೆದುಹಾಕಿ ಕೆಲಸ ಎಂದು ಬರೆದರು. ಇಷ್ಟ, ಇಚ್ಛೆ, ಏಳಬಹುದಿತ್ತು ಎಂಬುದನ್ನೆಲ್ಲ ತೆಗೆದರು. ಆಸ್ಪತ್ರೆಯ ಖರ್ಚು ಕೇಂದ್ರದ್ದು, ಕೈ ಗುಣವಾಗುವ ತನಕ ಫಕೀರವ್ವನ ಪಗಾರ ನಿಲ್ಲುವುದಿಲ್ಲ, ಗುಣವಾದ ಮೇಲೆ ಅವಳ ಜಾಗ ಅವಳದು ಎಂದು ಕಾಶವ್ವ ಹೇಳಿದ ಹಾಗೆ ಕೆಳಗೆ ಸೇರಿಸಿ ತಾವೇ ಮೊದಲು ಸಹಿ ಹಾಕಿದರು. ಬರೆಸಿದ್ದು ಮನಸ್ಸಾಕ್ಷಿಯೋ ಮದುವೆಯ ಮನೆಯವರ ಭಯವೋ ಎಂದು ವಿಚಾರಿಸಲು ಯಾರೂ ಹೋಗಲಿಲ್ಲ. ಬರೆದದ್ದು ಮುಖ್ಯವಾಗಿತ್ತು. ಒಂಬತ್ತು ಸಹಿಗಳು ಬಿದ್ದವು. ಕನ್ನಡಕಗಳು ಪೆಟ್ಟಿಗೆಗೆ ಹೋದವು. ಅವನ್ನು ಈಗ ಬೇರೆ ಊರಿನ ಊದುಬತ್ತಿ ಕಾರ್ಖಾನೆಯಲ್ಲಿ ಹಾಕಿಸಿದ್ದಾರಂತೆ. ಅಲ್ಲಿಯೂ ಉತ್ಸಾಹದ ಕೊರತೆ ಕಂಡುಬಂದಿದೆ.

ಅಂದು ಸಂಜೆ ಕಾಶವ್ವ ಆಸ್ಪತ್ರೆಗೆ ಹೋದಳು. ಫಕೀರವ್ವನ ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿಯಲ್ಲಿತ್ತು. ಕಾಶವ್ವ ಮಂಚದ ಅಂಚಿಗೆ ಕೂತು, ನಾ ನಿನ್ನ ಮಾರಿ ನೋಡಲಿಲ್ಲ ಯಕ್ಕಾ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವಳು ಬಾಯಿ ತೆಗೆಯುವ ಮೊದಲೇ ಫಕೀರವ್ವ ಕೇಳಿದಳು. ಎರಡು ದಿನದಿಂದ ಆ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಎಚ್ಚರವಾಗಿದ್ದಳು.

“ನಾ ಔಟ್ ಆದ್ನೇನ ಬೇ?”

“ಇಲ್ಲ, ಯಕ್ಕಾ,” ಎಂದಳು ಕಾಶವ್ವ. “ನಿನ್ನ ಕೆಲಸ ಐತಿ. ಆಟ ಮುಗೀತು.”

ಸ್ವಲ್ಪ ಹೊತ್ತಿಗೆ ಫಕೀರವ್ವನಿಗೆ ನಿದ್ದೆ ಹತ್ತಿತು. ಕಾಶವ್ವ ಎದ್ದು ಹೋಗದೆ ಅವಳ ಮುಖ ನೋಡುತ್ತ ಅಲ್ಲೇ ಕೂತಿದ್ದಳು.

ನೀತಿ: ಸಾಕು ಎನ್ನಿಸಿದಾಗ ಎದ್ದು ಹೋಗಲು ಬಂದರೆ ಅದು ಆಟ. ಎದ್ದರೆ ಅನ್ನ ಹೋಗುತ್ತದೆ ಎಂದರೆ ಅದು ದುಡಿಮೆ, ಅದರ ಮೇಲೆ ಎಷ್ಟು ಹೂವು ಸುರಿಸಿದರೂ ದುಡಿಮೆಯೇ. ಇನ್ನೊಬ್ಬರ ಬೆವರಿಗೆ ಆಟ ಎಂದು ಹೆಸರಿಡುವವರು ತಾವು ಕೊಡಬೇಕಾದ ಉತ್ತರದಿಂದ ತಪ್ಪಿಸಿಕೊಳ್ಳುತ್ತಿರುತ್ತಾರೆ. ಅವರು ಕೊಡುವ ಕಿರೀಟ ಹಾಕಿಕೊಳ್ಳುವ ಮೊದಲು, ಅದು ಯಾರ ಮುಖವನ್ನು ಮುಚ್ಚುತ್ತದೆ ಎಂದು ನೋಡಿ.